ತೀರ್ಥಹಳ್ಳಿಯನ್ನು ದಾಟಿ ಹೋಗಬೇಡಿ, ಇಳಿದು ನೋಡಿ

ಶಿವಮೊಗ್ಗದಿಂದ ಆಗುಂಬೆಗೆ ಹೋಗುವವರು ತೀರ್ಥಹಳ್ಳಿಯಲ್ಲಿ ಕಾಫಿಗೆ ನಿಲ್ಲುತ್ತಾರೆ. ಶೃಂಗೇರಿಗೆ ಹೋಗುವವರು ಬಸ್ ಬದಲಿಸುತ್ತಾರೆ. ಕುಪ್ಪಳಿಯ ಕವಿಮನೆ ನೋಡೋಕೆ ಬಂದವರು ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ನೀರಿನ ಬಾಟಲಿ ತಗೊಂಡು ಹೊರಟುಬಿಡುತ್ತಾರೆ. ಊರು ಹೇಗಿದೆ ಅಂತ ಕೇಳಿದರೆ "ಹಾಂ, ದಾರಿಯಲ್ಲಿ ಸಿಗುತ್ತೆ" ಅನ್ನುತ್ತಾರೆ, ಅಷ್ಟೇ. ಇದು ನನಗೆ ತುಂಬಾ ಬೇಜಾರಿನ ವಿಷಯ. ಹೊಳೆ ದಂಡೆಯ ಊರು, ವ್ಯಾಪಾರದಿಂದ ಬೆಳೆದ ಊರು, ನಾಲ್ಕಾರು ಭಾಷೆಯ ಜನ ಒಂದೇ ಬೀದಿಯಲ್ಲಿ ಬದುಕು ಮಾಡುವ ಊರು, ಈ ಮೂರನ್ನೂ ಒಟ್ಟಿಗೆ ನೋಡಬೇಕು ಅಂದರೆ ನಮ್ಮ ಜಿಲ್ಲೆಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಒಂದು ರಾತ್ರಿಯಾದರೂ ಉಳಿಯೋ ಹಾಗೆ ಬನ್ನಿ. ಬೆಳಿಗ್ಗೆ ಬಂದು ಮಧ್ಯಾಹ್ನ ಹೊರಟರೆ ಊರಿನ ಅರ್ಧ ಮಾತ್ರ ಸಿಗುತ್ತೆ.

ನಾನು ಶಿವಮೊಗ್ಗದವಳು. ಚಿಕ್ಕಮ್ಮನ ಮನೆ ಅಲ್ಲಿ ಇದ್ದಿದ್ದರಿಂದ ಚಿಕ್ಕಂದಿನಿಂದ ಹೋಗಿ ಬಂದ ಊರು. ಈಗ ಅವರು ಅಲ್ಲಿಲ್ಲ. ಹಾಗಾಗಿ ಈ ಸಲ ಲಾಡ್ಜ್‌ನಲ್ಲಿ ಉಳಿದು, ಹೋಟೆಲ್‌ನಲ್ಲಿ ತಿಂದು, ಹೊರಗಿನವರ ಹಾಗೆ ನೋಡಿ ಬಂದಿದ್ದೇವೆ. ನಾನು, ನಮ್ಮ ಅತ್ತಿಗೆ, ಅವರ ಇಬ್ಬರು ಮಕ್ಕಳು. ಅದಕ್ಕೇ ಈ ರಿವ್ಯೂ.

ಮೊದಲು ದಾರಿ. ಶಿವಮೊಗ್ಗದಿಂದ 60 ಕಿ.ಮೀ.ಗೆ ಸ್ವಲ್ಪ ಮೇಲೆ. ರೈಲು ಇಲ್ಲ, ಬೆಂಗಳೂರಿನಿಂದ ಬರುವವರು ಶಿವಮೊಗ್ಗದಲ್ಲಿ ಇಳಿದು ಬಸ್ ಹಿಡಿಯಬೇಕು. ಬಸ್ಸಿಗೆ ಕಾಯೋ ಕಷ್ಟ ಇಲ್ಲ, ಖಾಸಗಿ ಬಸ್‌ಗಳು ಒಂದರ ಹಿಂದೆ ಒಂದು ಇರುತ್ತವೆ. ಮಲೆನಾಡು ಓಡಾಡಿದ್ದೇ ಖಾಸಗಿ ಬಸ್‌ಗಳಲ್ಲಿ ಅಲ್ವಾ. ಕೊಪ್ಪದಲ್ಲಿ 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿದ ಸಹಕಾರ ಸಾರಿಗೆಯ ಬಸ್‌ಗಳು ಈ ಕಡೆಯ ಹಳ್ಳಿ ಹಳ್ಳಿಗೂ ಹೋಗುತ್ತಿದ್ದವು. 2020ರಲ್ಲಿ ಅದು ನಿಂತಿತು. ಆ ಬಸ್‌ನಲ್ಲಿ ಕಾಲೇಜಿಗೆ ಹೋದವರು ಈಗಲೂ ಅದರ ಹೆಸರು ಬಂದರೆ ಮನೆಯವರ ವಿಷಯ ಮಾತಾಡಿದ ಹಾಗೆ ಮಾತಾಡುತ್ತಾರೆ.

ಗಾಜನೂರು ಅಣೆಕಟ್ಟು, ಸಕ್ರೆಬೈಲಿನ ಆನೆ ಬಿಡಾರ, ಆಮೇಲೆ ಮಂಡಗದ್ದೆ. ಮಂಡಗದ್ದೆಯಲ್ಲಿ ಹೊಳೆ ಮಧ್ಯದ ನಡುಗಡ್ಡೆಯಲ್ಲಿ ಮಳೆಗಾಲದಿಂದ ಶುರುವಾಗಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ. ಗೂಡಿನ ಕಾಲದಲ್ಲಿ ಹೋದರೆ ಐದು ನಿಮಿಷ ನಿಲ್ಲಿಸಿ. ಬೇರೆ ತಿಂಗಳಲ್ಲಿ ಮುಂದೆ ಹೋಗಿ.

ಊರಿಗೆ ಬಂದರೆ ಮೊದಲು ಹೊಳೆಗೆ ಹೋಗಿ, ಬ್ಯಾಗ್ ಆಮೇಲೆ ಇಟ್ಟರೂ ನಡೆಯುತ್ತೆ. ತುಂಗೆ ಇಲ್ಲಿ ಅಗಲ, ಮಧ್ಯೆ ಮಧ್ಯೆ ಕಪ್ಪು ಬಂಡೆ. ರಾಮೇಶ್ವರ ದೇವಸ್ಥಾನದ ಹತ್ತಿರ ಇಳಿದರೆ ರಾಮತೀರ್ಥ. ಪರಶುರಾಮ ತಾಯಿಯ ತಲೆ ಕಡಿದ ಮೇಲೆ ಕೊಡಲಿಗೆ ಅಂಟಿದ ರಕ್ತ ಎಲ್ಲಿ ತೊಳೆದರೂ ಹೋಗಲಿಲ್ಲ, ಇಲ್ಲಿ ಹೋಯಿತು ಅಂತ ಕಥೆ. ಬಂಡೆಗಳ ನಡುವೆ ಚಿಕ್ಕ ಕಲ್ಲಿನ ರಾಮ ಮಂಟಪ ಇದೆ. ಊರಿನವರಿಗೆ ಮಳೆಯ ಲೆಕ್ಕ ಇದೇ. ಜುಲೈ, ಆಗಸ್ಟ್‌ನಲ್ಲಿ ಮಳೆ ಹೇಗಿದೆ ಅಂತ ಫೋನ್ ಮಾಡಿ ಕೇಳಿದರೆ ಮಿಲಿಮೀಟರ್ ಯಾರೂ ಹೇಳಲ್ಲ, "ರಾಮ ಮಂಟಪ ಮುಳುಗಿದೆ" ಅಂತಾರೆ. ಅಷ್ಟರಲ್ಲೇ ಎಲ್ಲ ಅರ್ಥ ಆಗುತ್ತೆ. ನಾವು ಹೋದಾಗ ನೀರು ಇಳಿದಿತ್ತು, ಮಂಟಪದ ಬುಡದ ಬಂಡೆಯವರೆಗೂ ಕಾಣುತ್ತಿತ್ತು. ಮಕ್ಕಳು ಅಲ್ಲಿಂದ ಏಳಲೇ ಇಲ್ಲ.

ಎಳ್ಳಮಾವಾಸ್ಯೆ ಜಾತ್ರೆ ಸಮಯಕ್ಕೆ ಬರೋದಾದರೆ ಊರು ಬೇರೆಯೇ. ಮೂರು ದಿನ. ತೀರ್ಥಸ್ನಾನ, ರಥೋತ್ಸವ, ಕೊನೇ ದಿನ ರಾತ್ರಿ ತೆಪ್ಪೋತ್ಸವ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುತ್ತೆ, ಅಂದರೆ ಅಡಿಕೆ ಕೊಯ್ಲಿನ ದುಡ್ಡು ಕೈಗೆ ಬರುವ ಕಾಲ. ಹಾಗಾಗಿ ಅಂಗಡಿ ಸಾಲೂ ಜೋರು. ಆದರೆ ಆ ದಿನಗಳಲ್ಲಿ ರೂಮ್ ಸಿಗೋದು ಕಷ್ಟ, ಮೊದಲೇ ಹೇಳಿಡಿ.

ಈಗ ಬೇಜಾರಿನ ಮಾತು. ಹೊಳೆ ದಂಡೆ ಗಲೀಜಾಗಿದೆ. ಶಾಂಪೂ ಪ್ಯಾಕೆಟ್, ಸ್ನಾನ ಮಾಡಿ ಬಿಟ್ಟು ಹೋದ ಹಳೇ ಬಟ್ಟೆ, ಪೂಜೆಯ ಪ್ಲಾಸ್ಟಿಕ್ ಕವರ್. ಸ್ವಲ್ಪ ದೂರದ ಬಂಡೆಗಳ ಸಂದಿಯಲ್ಲಿ ಬಿಯರ್ ಬಾಟಲಿ ಒಡೆದು ಹಾಕಿದ್ದರು. ನಮ್ಮ ಅತ್ತಿಗೆಯ ಮಗನ ಕಾಲಿಗೆ ಗಾಜು ತಾಗಲಿಲ್ಲ ಅನ್ನೋದು ನಮ್ಮ ಪುಣ್ಯ. ಗಂಗಾ ಸ್ನಾನ, ತುಂಗಾ ಪಾನ ಅಂತ ಹೇಳಿಕೊಂಡು ಬಂದವರು ನಾವು. ಕುಡಿಯೋ ನೀರಿಗೆ ಹೆಸರಾದ ಹೊಳೆಯ ಸ್ಥಿತಿ ಹೀಗಿರಬಾರದು. ಕಸದ ಬುಟ್ಟಿ ಇಡೋದು ಇಡೋರ ಕೆಲಸ ಸರಿ, ತಂದ ಕವರ್ ವಾಪಸ್ ತಗೊಂಡು ಹೋಗೋದು ನಮ್ಮ ಕೆಲಸ ಅಲ್ವಾ? ಇನ್ನೊಂದು, ಬಂಡೆ ಪಾಚಿಯಿಂದ ಜಾರುತ್ತೆ. ಮೇಲೆ ನೀರು ಶಾಂತವಾಗಿ ಕಂಡರೂ ಬಂಡೆಗಳ ನಡುವೆ ಸೆಳೆತ ಇರುತ್ತೆ. ಈಜು ಬಂದರೂ ಮಧ್ಯಕ್ಕೆ ಹೋಗಬೇಡಿ.

ಹೊಳೆ ನೋಡಿದ ಮೇಲೆ ಕಮಾನು ಸೇತುವೆ ಮೇಲೆ ನಡೆದು ಬನ್ನಿ, ಊರಿಗೆ ಯಾವ ಯಾವ ಕಡೆಯ ದಾರಿ ಬಂದು ಕೂಡುತ್ತೆ ಅಂತ ಅಲ್ಲಿ ಅರ್ಥ ಆಗುತ್ತೆ. ಒಂದು ಕಡೆ ಶಿವಮೊಗ್ಗ, ಬಯಲುಸೀಮೆ. ಒಂದು ಕಡೆ ಕೊಪ್ಪ, ಶೃಂಗೇರಿ. ಇನ್ನೊಂದು ಕಡೆ ಆಗುಂಬೆ ಘಾಟಿ, ಅದರ ಕೆಳಗೆ ಸೋಮೇಶ್ವರ, ಹೆಬ್ರಿ, ಉಡುಪಿ, ಸಮುದ್ರ. ರಸ್ತೆ ಬರೋಕೆ ಮುಂಚೆ ಈ ಘಾಟಿಗಳಲ್ಲಿ ಹೇರೆತ್ತುಗಳು, ಅಂದರೆ ಬೆನ್ನ ಮೇಲೆ ಸಾಮಾನು ಹೊರುವ ಎತ್ತುಗಳು ಓಡಾಡುತ್ತಿದ್ದವು. ಕೆಳಗೆ ಅಕ್ಕಿ, ಅಡಿಕೆ, ಮೆಣಸು ಇಳಿಯುತ್ತಿತ್ತು. ಮೇಲಕ್ಕೆ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತುತ್ತಿತ್ತು. ಕೆಳದಿ ನಾಯಕರು ಶ್ರೀಮಂತರಾಗಿದ್ದು ಈ ವ್ಯಾಪಾರದಿಂದಲೇ. ಅವರ ಮೆಣಸಿಗೆ ಪೋರ್ಚುಗೀಸರು ಕರಾವಳಿಯಲ್ಲಿ ಕಾದು ಕೂತಿರುತ್ತಿದ್ದರು. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ 'ಶಿಸ್ತು' ಅಂದರೆ ಕಂದಾಯದ ಏರ್ಪಾಟು ಎಲ್ಲರಿಗೂ ಗೊತ್ತು. ಅವನೇ ಬಸ್ರೂರು, ಹೊನ್ನಾವರದ ಪೋರ್ಚುಗೀಸ್ ಕೋಟೆಗಳನ್ನೂ ಹಿಡಿದ. ಘಟ್ಟದ ಮೇಲೆ ತೋಟ, ಘಟ್ಟದ ಕೆಳಗೆ ಬಂದರು, ಎರಡೂ ಕೈಯಲ್ಲಿದ್ದರೆ ಮಾತ್ರ ವ್ಯಾಪಾರ ನಮ್ಮದು ಅಂತ ಅವನಿಗೆ ಗೊತ್ತಿತ್ತು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರು ಹಿಡಿದ ಮೇಲೆ ಆ ರಾಜ್ಯ ಹೋಯಿತು. ದಾರಿ ಮಾತ್ರ ಉಳಿಯಿತು, ದಾರಿ ಹಿಡಿದು ಬಂದ ಜನರೂ ಉಳಿದರು.

ಅದು ಇವತ್ತಿಗೂ ಆಜಾದ್ ರಸ್ತೆಯಲ್ಲಿ ಕಾಣುತ್ತೆ. ನನ್ನ ಪ್ರಕಾರ ಊರಿನ ಅತಿ ಒಳ್ಳೆಯ ಭಾಗ ಇದೇ. ಸಂಜೆ ಐದರ ಮೇಲೆ ಸುಮ್ನೆ ಈ ಬೀದಿಯಲ್ಲಿ ನಡೆಯಿರಿ. ನಾವು ಒಂದು ದಿನಸಿ ಅಂಗಡಿಯಲ್ಲಿ ಅಡಿಗೆಯ ಹುಳಿಗೆ ಹಾಕುವ ವಾಟೆಹುಳಿ, ಉಪ್ಪಾಗೆ, ಜೊತೆಗೆ ಜೀರಿಗೆ ಮೆಣಸು ಕೇಳಿಕೊಂಡು ನಿಂತಿದ್ದೆವು. ಮಾಲೀಕರು ನಮ್ಮ ಮುಂದಿದ್ದ ಅಜ್ಜಿಯ ಹತ್ತಿರ ಕೊಂಕಣಿಯಲ್ಲಿ ಮಾತಾಡಿ ಅವಲಕ್ಕಿ ಕಟ್ಟಿಕೊಟ್ಟರು. ಹೆಬ್ರಿ ಕಡೆಯ ವ್ಯಾನ್ ಡ್ರೈವರ್ ಬಂದ, ಅವನ ಹತ್ತಿರ ತುಳು. ಮಧ್ಯೆ ಫೋನ್ ಬಂತು, ಅದು ಮಲಯಾಳ, ಶುಂಠಿ ಮಾಡೋರದ್ದು. ನಮ್ಮ ಕಡೆ ತಿರುಗಿ "ಏನಕ್ಕ, ಉಪ್ಪಾಗೆ ಒಣಗಿದ್ದು ಬೇಕಾ, ಬೀಜದ ತುಪ್ಪ ಬೇಕಾ?" ಅಂತ ಶುದ್ಧ ತೀರ್ಥಹಳ್ಳಿ ಕನ್ನಡ. ಇದನ್ನ ಅವರು ಒಂದು ವಿಶೇಷ ಅಂದುಕೊಂಡೇ ಇಲ್ಲ. ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಕರಾವಳಿಗೆ ಬಂದು, ಅಲ್ಲಿಂದ ಘಟ್ಟ ಹತ್ತಿದ ಕೊಂಕಣಿ ಕುಟುಂಬಗಳು, ವ್ಯಾಪಾರಕ್ಕೆ ಬಂದ ಬ್ಯಾರಿಗಳು, ಉರ್ದು ಮಾತಾಡುವವರು, ಮಂಗಳೂರು ಕಡೆಯ ಕ್ರೈಸ್ತರು, ರಬ್ಬರ್, ಶುಂಠಿಗೆ ಅಂತ ಬಂದ ಮಲಯಾಳಿಗಳು. ಮೊದಲಿಂದ ಇದ್ದ ಒಕ್ಕಲಿಗರು, ದೀವರು, ಬ್ರಾಹ್ಮಣರು, ಜೈನರು ಸರಿಯೇ ಸರಿ. ಒಬ್ಬರ ಅಂಗಡಿ ಇಲ್ಲದೆ ಇನ್ನೊಬ್ಬರ ಮನೆ ನಡೆಯಲ್ಲ.

ಅಡಿಕೆ ಮಂಡಿ ಒಂದನ್ನಾದರೂ ಹೊರಗಿನಿಂದ ನೋಡಿ. ಕೇಳಿದರೆ ಒಳಗೂ ಬಿಡುತ್ತಾರೆ, ವ್ಯಾಪಾರದ ಸಮಯದಲ್ಲಿ ಅಡ್ಡ ನಿಲ್ಲಬೇಡಿ ಅಷ್ಟೇ. ನಾವು ನಿಂತಿದ್ದಾಗ ಒಬ್ಬ ರೈತರು ರಾಶಿ ಅಡಿಕೆ ತಂದಿದ್ದರು. ಮಂಡಿಯ ಸಾಹೇಬರು ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದರು. ಮೇಲಿನ ಅಡಿಕೆಯನ್ನು ಯಾರೂ ನೋಡಲ್ಲ. ಅಂಗೈ ಮೇಲೆ ಹರಡಿ, ಹೆಬ್ಬೆರಳಿನಲ್ಲಿ ಉರುಳಿಸಿ, ಒಂದನ್ನು ಆರಿಸಿ ಅಡಕತ್ತರಿಯಲ್ಲಿ ಎರಡು ಹೋಳು ಮಾಡಿದರು. ಒಳಗಿನ ಗೆರೆ ನೋಡಿದರು. ಒಂದು ಹೋಳನ್ನು ಬಾಯಿಗೆ ಹಾಕಿಕೊಂಡರು.

"ಬಣ್ಣ ಚೆನ್ನಾಗಿ ಕೂತಿದೆ ಗೌಡ್ರೇ. ಒಣಗಿದ್ದು ಒಂಚೂರು ಸಾಲದು."

"ಮೋಡ ಇತ್ತಲ್ಲ ಸಾಹೇಬ್ರೇ. ಚಪ್ಪರದ ಮೇಲೆ ಇನ್ನೊಂದು ನಾಲ್ಕು ದಿನ ಬಿಡಬೇಕಿತ್ತು. ಮಗಳದ್ದು ಫೀಸು ಕಟ್ಟಬೇಕು, ಏನ್ ಮಾಡೋದು."

"ಯಾವ ಕಾಲೇಜಿಗೆ ಹಾಕಿದ್ರಿ?"

ಅಲ್ಲಿಂದ ಅಡಿಕೆಯ ಮಾತು ನಿಂತು ಮಗಳ ಮಾತು ಶುರುವಾಯಿತು. ರೇಟು ಆಮೇಲೆ ಕೂತು ಬಗೆಹರಿಸಿಕೊಂಡರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಲ್ಲಿಯದು ಹಣ್ಣಡಿಕೆ ಒಣಗಿಸಿ ಸುಲಿಯುವ ಕರಾವಳಿಯ ಚಾಲಿ ಪದ್ಧತಿಯಲ್ಲ. ಹಸಿರು ಕಾಯಿ ಕೊಯ್ದು, ಮೆಟ್ಟುಗತ್ತಿಯಲ್ಲಿ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಕೊಟ್ಟು, ಬಿಸಿಲಿಗೆ ಹರಡಬೇಕು. ಚೊಗರು ಅಂದರೆ ಅಡಿಕೆ ಬೇಯಿಸಿದ ನೀರೇ ಗಟ್ಟಿಯಾಗಿದ್ದು, ಕೆಂಪು ಬಣ್ಣ ಬರೋದು ಅದರಿಂದ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ತರಗತಿ. ಸರಕಿಗೆ ಎಲ್ಲಕ್ಕಿಂತ ಜಾಸ್ತಿ ಬೆಲೆ, ಗೊರಬಲಿಗೆ ಕಡಿಮೆ. ಬೆಳಿಗ್ಗೆ ಪೇಪರ್ ಬಂದ ತಕ್ಷಣ ಅರ್ಧ ಊರು ಮೊದಲು ನೋಡೋದು ಕ್ವಿಂಟಾಲ್ ಧಾರಣೆ. 1939ರಲ್ಲಿ ಶುರುವಾದ ಅಡಿಕೆ ಮಾರಾಟ ಸಹಕಾರ ಸಂಘ ಮ್ಯಾಮ್ಕೋಸ್ ಇರೋದರಿಂದ ಬೆಳೆಗಾರರಿಗೆ ಖಾಸಗಿ ಮಂಡಿಯ ಜೊತೆಗೆ ಇನ್ನೊಂದು ದಾರಿಯೂ ಇದೆ. ಈಗ ಎಲ್ಲರ ಬಾಯಲ್ಲೂ ಎಲೆಚುಕ್ಕಿ ರೋಗದ ಮಾತು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆದು ಅಭ್ಯಾಸ ಆಗಿತ್ತು, ಇದು ಎಲೆಯನ್ನೇ ಸುಟ್ಟು ಹಾಕುತ್ತಿದೆ. ಊರಿನ ಅಂದ ನೋಡೋಕೆ ಬಂದವರಿಗೆ ಈ ಚಿಂತೆ ಕಾಣಲ್ಲ, ಆದರೆ ಆ ಬೀದಿಯ ಪ್ರತಿ ಅಂಗಡಿಯೂ ಈ ಮರದ ಮೇಲೆ ನಿಂತಿದೆ. ಮಂಡಿಯವರನ್ನೋ ಬೆಳೆಗಾರರನ್ನೋ ಮಾತಾಡಿಸಿ, ಅವರೇ ಹೇಳುತ್ತಾರೆ.

ನನಗೆ ಒಂದು ಕೊರತೆ ಕಂಡಿದ್ದು, ಈ ಬೀದಿಯ ಬಗ್ಗೆ ಹೇಳೋ ಒಂದು ಬೋರ್ಡ್ ಕೂಡ ನಮ್ಮ ಕಣ್ಣಿಗೆ ಬೀಳಲಿಲ್ಲ. ಹಂಚಿನ ಮಾಡು, ಮರದ ಹಲಗೆ ಬಾಗಿಲಿನ ಹಳೇ ಅಂಗಡಿಗಳು ಒಂದೊಂದಾಗಿ ಹೋಗುತ್ತಿವೆ. ಹಲಗೆ ಬಾಗಿಲು ಅಂದರೆ ಬೆಳಿಗ್ಗೆ ಒಂದೊಂದೇ ಹಲಗೆ ತೆಗೆದು, ನಂಬರ್ ಪ್ರಕಾರ ಜೋಡಿಸಿ, ಸಂಜೆ ಮತ್ತೆ ಅದೇ ಕ್ರಮದಲ್ಲಿ ಸಿಕ್ಕಿಸೋದು. ಉಳಿದಿರೋದನ್ನು ಈಗಲೇ ನೋಡಿಕೊಳ್ಳಿ. ಅಂಗಡಿಯವರು ಶಟರ್ ಹಾಕಿಸಿಕೊಂಡರೆ ತಪ್ಪು ಅಂತ ಹೇಳಲ್ಲ, ಅವರಿಗೂ ಅನುಕೂಲ ಬೇಕು. ಆದರೆ ಒಂದು ಹಳೇ ಮಂಡಿಯನ್ನಾದರೂ ಉಳಿಸಿ, ಹೇರೆತ್ತಿನ ಕಾಲದಿಂದ ಇವತ್ತಿನ ಲಾರಿವರೆಗಿನ ಕಥೆ ಹೇಳೋ ಹಾಗೆ ಮಾಡಿದರೆ ಎಷ್ಟು ಚೆನ್ನಾಗಿರುತ್ತೆ. ದೊಡ್ಡ ದುಡ್ಡು ಬೇಕಿಲ್ಲ.

ಊಟ. ಇಲ್ಲಿ ನನ್ನ ಅಂಕ ಪೂರ್ತಿ. ಘಟ್ಟದ ಮೇಲಿನ ಅಡಿಗೆ, ಕೆಳಗಿನ ಅಡಿಗೆ ಎರಡೂ ಸಿಗೋ ಊರು ಇದು. ಬೆಳಿಗ್ಗೆ ತಿಂಡಿಗೆ ಕಡುಬು ಚಟ್ನಿ ಅಥವಾ ಅಕ್ಕಿ ರೊಟ್ಟಿ ಸಿಗುತ್ತೆ, ಪಕ್ಕದ ಹೋಟೆಲ್‌ನಲ್ಲೇ ಬನ್ಸ್, ಗೋಳಿಬಜೆ, ನೀರುದೋಸೆ. ನಾವು ಬಸ್ ಸ್ಟ್ಯಾಂಡ್‌ನಿಂದ ಸ್ವಲ್ಪ ಒಳಗಿನ ಒಂದು ಚಿಕ್ಕ ಮೆಸ್‌ನಲ್ಲಿ ಮಧ್ಯಾಹ್ನ ಊಟ ಮಾಡಿದೆವು. ಕುಚಲಕ್ಕಿ ಅನ್ನ, ಬಿಳಿ ಅನ್ನ ಯಾವುದು ಬೇಕು ಅಂತ ಕೇಳಿದರು. ಒಂದೆಲಗದ ತಂಬುಳಿ, ಸೌತೆಕಾಯಿ ಹುಳಿ, ಕಳಲೆ ಪಲ್ಯ, ಅಪ್ಪೆಮಿಡಿ ಉಪ್ಪಿನಕಾಯಿ. ತಂಬುಳಿಯನ್ನು ಅತ್ತಿಗೆ ಲೋಟದಲ್ಲಿ ಹಾಕಿಸಿಕೊಂಡು ಕುಡಿದರು, ಬಡಿಸೋ ಅಮ್ಮ ಖುಷಿಯಿಂದ ಇನ್ನೊಂದು ಲೋಟ ತಂದಿಟ್ಟರು. 100 ರೂಪಾಯಿ ಒಳಗೆ ಹೊಟ್ಟೆ ತುಂಬಿತು. ಮಿಡಿ, ಅಂದರೆ ಎಳೆ ಮಾವಿನಕಾಯಿಯ ಬಗ್ಗೆ ಒಂದು ಮಾತು. ಒಳ್ಳೆ ಅಪ್ಪೆಮಿಡಿಯಾದರೆ ತೊಟ್ಟಿನ ಹತ್ತಿರ ಕಚ್ಚಿದ ಕೂಡಲೇ ಸೊನೆಯ ಪರಿಮಳ ಮೂಗಿಗೆ ಹತ್ತಬೇಕು, ಕರಕರ ಅನ್ನಬೇಕು. ಇಲ್ಲಿಯದು ಹಾಗೇ ಇತ್ತು. ಅವರೇ ಹಾಕಿದ್ದಂತೆ, ಅರ್ಧ ಕೆಜಿ ಕೇಳಿ ತಗೊಂಡೆವು.

ರಾತ್ರಿ ಮೀನಿನ ಊಟಕ್ಕೆ ಬೇರೆ ಕಡೆ ಹೋದೆವು. ಮಲ್ಪೆ ಕಡೆಯ ಮೀನು ಆಗುಂಬೆ ಹತ್ತಿ ಬರುವ ಊರು, ಹಾಗಾಗಿ ಬಂಗುಡೆ ತಾಜಾ ಇತ್ತು. ಸಾರು ಕರಾವಳಿಯ ತೆಂಗಿನ ಮಸಾಲೆಯದು, ಜೊತೆಗೆ ಕೊಟ್ಟಿದ್ದು ಮಲೆನಾಡಿನ ಕಡುಬು. ಉಡುಪಿಯವರು ಇದನ್ನು ಒಪ್ಪುತ್ತಾರೋ ಇಲ್ಲವೋ, ನಮಗೆ ಮಾತ್ರ ತುಂಬಾ ಹಿಡಿಸಿತು. ಕೋಳಿ ಸಾರು ಸಾಧಾರಣ, ಖಾರ ಜಾಸ್ತಿ, ರುಚಿ ಕಡಿಮೆ. ಏಡಿ ಸಾರು ಮಳೆ ಶುರುವಾದ ಮೇಲೆ ಕೇಳಿ ಅಂದರು.

ಉಳಿಯೋ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ನಾವಿದ್ದ ಲಾಡ್ಜ್‌ನಲ್ಲಿ ಹಾಸಿಗೆ ಸ್ವಚ್ಛ, ಜನ ಒಳ್ಳೆಯವರು, ಆದರೆ ಬಿಸಿನೀರು ಬೆಳಿಗ್ಗೆ ಎಂಟರ ಮೇಲೆ ನಿಂತುಹೋಯಿತು, ರಸ್ತೆ ಕಡೆಯ ರೂಮಾದ್ದರಿಂದ ಮುಂಜಾನೆಯಿಂದ ಬಸ್ ಹಾರನ್. ಹಿಂದಿನ ರೂಮ್ ಕೇಳಿ ತಗೊಳ್ಳಿ. ಊರಿನ ಆಚೆ ತೋಟದ ಹೋಮ್‌ಸ್ಟೇಗಳು ಸಾಕಷ್ಟಿವೆ, ಸಂಸಾರ ಸಮೇತ ಬರುವವರಿಗೆ ಆರಾಮ. ಆದರೆ ಅಲ್ಲಿ ಉಳಿದರೆ ಸಂಜೆಯ ಬೀದಿ, ಬೆಳಗಿನ ಹೊಳೆ ಎರಡೂ ತಪ್ಪುತ್ತೆ. ನನ್ನ ಆಯ್ಕೆ ಊರೊಳಗೇ.

ಎರಡನೇ ದಿನಕ್ಕೆ ಸುತ್ತಮುತ್ತ ಏನು ನೋಡೋದು ಅಂತ ಎಲ್ಲರೂ ಕೇಳುತ್ತಾರೆ. ಕವಲೇದುರ್ಗ ಸುಮಾರು 18 ಕಿ.ಮೀ. ಕೆಳದಿಯವರ ಕೋಟೆ, ಗದ್ದೆ ದಾಟಿ ಹತ್ತಬೇಕು. ಒಳಗೆ ಶ್ರೀಕಂಠೇಶ್ವರ ದೇವಸ್ಥಾನ, ಅರಮನೆಯ ಅಡಿಪಾಯ. ಬೆಳಿಗ್ಗೆ ಬೇಗ ಹೋಗಿ, ನೀರು ತಗೊಂಡು ಹೋಗಿ. ಮಕ್ಕಳಿದ್ದರೆ ಚಿಬ್ಬಲಗುಡ್ಡೆಯ ಮತ್ಸ್ಯಧಾಮ, ತುಂಗೆಯಲ್ಲಿ ಕಾಲಿನ ಹತ್ತಿರವೇ ದೊಡ್ಡ ದೊಡ್ಡ ಮೀನು ಬರುತ್ತವೆ, ಹಿಡಿಯೋ ಹಾಗಿಲ್ಲ. ಹುಂಚದ ಪದ್ಮಾವತಿ ಬಸದಿ ಸ್ವಲ್ಪ ದೂರ. ಸಾಂತರರ ರಾಜಧಾನಿಯಾಗಿದ್ದ ಊರು ಅದು, ಈಗಲೂ ಜೈನರ ದೊಡ್ಡ ಕ್ಷೇತ್ರ.

ಇವೆಲ್ಲಕ್ಕಿಂತ ನಾನು ಕಳಿಸೋದು ಹಣಗೆರೆಕಟ್ಟೆಗೆ. ಇದೇ ತಾಲ್ಲೂಕಿನದು, ಕಾಡಿನ ಮಧ್ಯೆ. ಭೂತರಾಯ ಚೌಡೇಶ್ವರಿ ದೇವಸ್ಥಾನ ಮತ್ತು ಸೈಯದ್ ಸಾದತ್ ದರ್ಗಾ ಒಂದೇ ಸೂರಿನ ಕೆಳಗೆ ಇವೆ. ಹೂವು, ಕಾಯಿ ಹಿಡಿದವರು, ಚಾದರ್ ಹಿಡಿದವರು ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ನಮ್ಮ ಮುಂದೆ ಬುರ್ಖಾ ಹಾಕಿದ ಒಬ್ಬ ಅಮ್ಮ ಮೊಮ್ಮಗುವನ್ನು ಎತ್ತಿಕೊಂಡಿದ್ದರು, ಅವರ ಮುಂದೆ ಕುಂಕುಮ ಇಟ್ಟುಕೊಂಡ ಇನ್ನೊಬ್ಬ ಅಮ್ಮ. ಮಗು ಅಳೋಕೆ ಶುರು ಮಾಡಿದಾಗ ಮುಂದಿನವರು ತಿರುಗಿ ಎತ್ತಿಕೊಂಡು ಬೆನ್ನು ತಟ್ಟುತ್ತಾ ಸಾಲಿನಲ್ಲಿ ಮುಂದೆ ಹೋದರು. ಯಾರೂ ಇದನ್ನು ಸೌಹಾರ್ದ ಅಂತ ಕರೆಯುತ್ತಾ ಕೂರಲಿಲ್ಲ. ಹರಕೆ ಇತ್ತು, ಬಂದಿದ್ದರು. ಈಚೆಗೆ ಎಲ್ಲದರಲ್ಲೂ ನಾವು ಅವರು ಅಂತ ಗೆರೆ ಎಳೆಯುವ ಮಾತು ಜಾಸ್ತಿ ಆಗಿರುವಾಗ ಇಂಥ ಜಾಗವನ್ನು ಮಕ್ಕಳಿಗೆ ಖಂಡಿತ ತೋರಿಸಬೇಕು ಅನ್ನಿಸಿತು. ಅಮಾವಾಸ್ಯೆ, ಹುಣ್ಣಿಮೆ ದಿನ ವಿಪರೀತ ಜನ. ಬೇರೆ ದಿನ ಹೋಗಿ. ಇಲ್ಲೂ ಕಸದ್ದೇ ಕಷ್ಟ, ಅಡಿಗೆ ಮಾಡಿ ತಿಂದವರು ಎಲೆ, ಪ್ಲಾಸ್ಟಿಕ್ ಕಾಡಿಗೇ ಎಸೆಯುತ್ತಾರೆ.

ಯಾವಾಗ ಹೋಗೋದು? ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ನನಗೆ ಇಷ್ಟ. ಹಸಿರು ಇನ್ನೂ ಇರುತ್ತೆ, ಹೊಳೆ ತಿಳಿಯಾಗಿರುತ್ತೆ, ಅಡಿಕೆ ಕೊಯ್ಲು ನಡೆಯುತ್ತಿರುತ್ತೆ, ಅದನ್ನು ಬೇಯಿಸೋ ವಾಸನೆ ರಸ್ತೆಗೇ ಬರುತ್ತೆ. ಮಳೆಗಾಲ ನೋಡಲೇಬೇಕು ಅನ್ನೋರು ಬನ್ನಿ, ಬೇಡ ಅನ್ನಲ್ಲ, ಆದರೆ ಕೊಡೆ ಅಲ್ಲ, ರೈನ್‌ಕೋಟ್ ತನ್ನಿ, ಇಂಬಳಕ್ಕೆ ಉಪ್ಪೋ ಸುಣ್ಣವೋ ಜೇಬಲ್ಲಿರಲಿ, ಹೊಳೆಗೆ ಇಳಿಯೋ ಆಸೆ ಬಿಡಿ. ಆಗುಂಬೆ ಘಾಟಿಯಲ್ಲಿ ದೊಡ್ಡ ಗಾಡಿಗಳಿಗೆ ನಿರ್ಬಂಧ ಇದೆ, ಗುಡ್ಡ ಕುಸಿದರೆ ಸಣ್ಣ ಗಾಡಿಗಳನ್ನೂ ನಿಲ್ಲಿಸುತ್ತಾರೆ. ಉಡುಪಿ ಕಡೆ ಇಳಿಯೋ ಪ್ಲಾನ್ ಇದ್ದರೆ ಹೊರಡೋ ಮುಂಚೆ ಬಸ್ ಸ್ಟ್ಯಾಂಡ್‌ನಲ್ಲಿ ಏಜೆಂಟರನ್ನು ಕೇಳಿ, ಫೋನಿನ ಮ್ಯಾಪ್‌ಗಿಂತ ಅವರಿಗೆ ಬೇಗ ಗೊತ್ತಾಗಿರುತ್ತೆ.

ಮನೆಗೆ ತರೋದಕ್ಕೆ ಕಾಳುಮೆಣಸು, ಅಪ್ಪೆಮಿಡಿ, ಹಲಸಿನ ಹಪ್ಪಳ, ಉಪ್ಪಾಗೆ ತುಪ್ಪ. ಪ್ಯಾಕೆಟ್ ಮೇಲೆ ಚಂದದ ಚಿತ್ರ ಇರೋದಕ್ಕಿಂತ ದಿನಸಿ ಅಂಗಡಿಯಲ್ಲಿ ತೂಗಿ ಕೊಡೋದು ಒಳ್ಳೆಯದು, ಬೆಲೆಯೂ ಕಡಿಮೆ. ಮೆಣಸನ್ನು ಅಂಗೈಯಲ್ಲಿ ತಿಕ್ಕಿ ನೋಡಿ ತಗೊಳ್ಳಿ, ಅಂಗಡಿಯವರು ಏನೂ ಅಂದುಕೊಳ್ಳಲ್ಲ. ಬಿಲ್ ಮಾಡೋವಾಗ ಒಂದೆರಡು ಮಾತಾಡಿ, ಅವರ ಮನೆಯವರು ಎಲ್ಲಿಂದ ಬಂದವರು ಅಂತ ಕೇಳಿ. ಮೂರು ತಲೆಮಾರಿನ ಕಥೆ ಹೇಳುತ್ತಾರೆ, ಶಿವಮೊಗ್ಗದ ಕೊನೇ ಬಸ್ಸಿನ ಸಮಯ ಮೊದಲೇ ನೋಡಿಕೊಂಡಿರಿ.